ಗರ್ಭಕೋಶ ಇಲ್ಲದವಳ ಆರು ವಾರ

೧
ಎಲ್ಲಿಂದ ಶುರು ಮಾಡಲಿ? 'ಅವಳು ಬಸುರಿ' ಎಂದರೆ ನೀವು ಸಲೀಸಾಗಿ ಮುಂದಿನ ಸಾಲಿಗೆ ಹೋಗುತ್ತೀರಿ. 'ಗರ್ಭಕೋಶ ತೆಗೆಸಿ ಮೂರು ವರ್ಷವಾದವಳು ಬಸುರಿ' ಎಂದರೆ ಪುಸ್ತಕ ಮುಚ್ಚಿ ನನ್ನನ್ನು ಬೈಯುತ್ತೀರಿ. (ಬೈಯಿರಿ. ಮೊದಲು ನಾನೂ ನಂಬಿರಲಿಲ್ಲ.)

೨
ಹರಿದು ಹಾಕಿದ ಮೊದಲ ಡ್ರಾಫ್ಟಿನಲ್ಲಿ ಇದು ಪವಾಡವಾಗಿತ್ತು. ಬೆಳಕು, ಕಣ್ಣೀರು, ಎಲ್ಲ ಧಾರಾಳ. ಸ್ಕೂಲ್ ವ್ಯಾನ್ ಓಡಿಸುವ ನನ್ನ ನಾಯಕಿಯೇ ತಕರಾರು ತೆಗೆದಳು.

"ಪವಾಡ ಆಮೇಲೆ ಬರೀರಿ ಮೇಡಂ. ಕ್ಲಚ್ ಒತ್ತಿದ್ರೆ ಎಡಗಡೆ ಹೊಟ್ಟೇಲಿ ಜೀವ ಹೋಗತ್ತೆ, ಅದನ್ನ ಬರೀರಿ."

ಬರೆದೆ.

೩
ಆಸ್ಪತ್ರೆಯಲ್ಲಿ ರೂಢಿಯಂತೆ ಮೂತ್ರ ಪರೀಕ್ಷೆ ಮಾಡಿದರು. ಎರಡು ಗೆರೆ. ಜೊತೆಗೆ ಬಂದಿದ್ದ ನಾದಿನಿ ನಕ್ಕುಬಿಟ್ಟಳು, ಮನೆಯನ್ನೇ ಕೆಡವಿದ ಮೇಲೆ ಬಾಡಿಗೆಯವರು ಎಲ್ಲಿಂದ ಬಂದರು ಎಂದು. ಡಾಕ್ಟರಮ್ಮ ನಗದೆ ಸ್ಕ್ಯಾನಿಗೆ ಕಳಿಸಿದರು. ಕೋಶ ತೆಗೆದಾಗ ಅಂಡಾಶಯ, ಅಂಡನಾಳಗಳನ್ನು ಹಾಗೇ ಬಿಟ್ಟಿದ್ದರಂತೆ. ಹೊಲಿಗೆ ಹಾಕಿದ ಕಡೆ ಕೂದಲೆಳೆಯಷ್ಟು ಸಂದು ಉಳಿದು, ವೀರ್ಯ ಅಲ್ಲಿಂದಲೇ ಒಳಗೆ ಹೋಗಿರಬೇಕಂತೆ. ತೀರಾ ಅಪರೂಪ, ಆದರೆ ಆಗುತ್ತದೆ. ಭ್ರೂಣಕ್ಕೆ ಆರು ವಾರ. ಅದು ಕೂತಿರುವ ಎಡನಾಳ ಬಿರಿದು ಒಳಗೆ ರಕ್ತ ಸೋರುತ್ತಿದೆ. ಈಗಲೇ ಆಪರೇಷನ್ ಆಗಬೇಕು, ಭ್ರೂಣ ಉಳಿಯುವುದಿಲ್ಲ.

(ಅವಳಿಗೆ ಮಕ್ಕಳಿಲ್ಲ. ಗಡ್ಡೆಗಳ ದೆಸೆಯಿಂದ ಕೋಶ ತೆಗೆಸಿದ ದಿನವೇ ಆ ಆಸೆಗೆ ಎಳ್ಳುನೀರು ಬಿಟ್ಟಿದ್ದಳು. ಇದನ್ನು ಮೊದಲೇ ಹೇಳಬೇಕಿತ್ತು. ಕುತೂಹಲ ಇರಲಿ ಎಂದು ಬಚ್ಚಿಟ್ಟೆ, ಈಗ ನಾಚಿಕೆಯಾಗುತ್ತಿದೆ.)

೪
ಮುಕ್ತಾಯ ಒಂದು: ಮಗು ಉಳಿಯಿತು. ಡಾಕ್ಟರಮ್ಮ ಇದನ್ನು ಹೊಡೆದುಹಾಕಿದರು.

ಮುಕ್ತಾಯ ಎರಡು: ಪರೀಕ್ಷೆಯೇ ತಪ್ಪು, ಏನೂ ಇರಲಿಲ್ಲ. ಇದನ್ನು ಅವಳು ಹೊಡೆದುಹಾಕಿದಳು.

"ಇತ್ತು ಮೇಡಂ. ಇಲ್ಲ ಅಂತ ಮಾತ್ರ ಬರೀಬೇಡಿ."

ಮುಕ್ತಾಯ ಮೂರು: ಕೊನೆಯನ್ನೇ ಬರೆಯದೆ ಕೈತೊಳೆದುಕೊಳ್ಳುವುದು. ನಮ್ಮಂಥ ಕಥೆಗಾರರ ಹಳೆಯ ಚಾಳಿ. ಆದರೆ ನಾನು ನಿಲ್ಲಿಸಿದರೆ ಅವಳ ರಕ್ತ ನಿಲ್ಲುವುದಿಲ್ಲ. ಹಾಗಾಗಿ ಮುಂದುವರಿಯಲೇಬೇಕು.

೫
ಒಪ್ಪಿಗೆ ಪತ್ರ ಅವಳ ಮುಂದಿದೆ. ಸಹಿ ಹಾಕು ಮಾರಾಯ್ತಿ ಎಂದು ನಾನೇ ಗೋಗರೆಯುತ್ತಿದ್ದೇನೆ. ಹಾಕುತ್ತಾಳಂತೆ, ಬೇಡ ಎನ್ನುವಷ್ಟು ದಡ್ಡಿ ಅಲ್ಲವಂತೆ.

"ಮೂರು ವರ್ಷದಿಂದ ನಾನು ಬರೀ ಖಾಲಿ ಅಂದ್ಕೊಂಡಿದ್ದೆ. ಒಂದು ನಿಮಿಷ ಬಸುರಿಯಾಗಿ ಕೂತಿರ್ತೀನಿ. ಆಮೇಲೆ ಸಹಿ."

ಡಾಕ್ಟರಮ್ಮ ಗಡಿಯಾರ ನೋಡಿದರು. ಸ್ಟ್ರೆಚರ್ ಬರುವವರೆಗೆ ಮಾತ್ರ ಎಂದರು.

ಅವಳು ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡಿದ್ದಾಳೆ. ಪಕ್ಕದಲ್ಲಿ ನಾದಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾಳೆ. ಕಾರಿಡಾರಿನಲ್ಲಿ ಚಕ್ರದ ಸದ್ದು ಕೇಳುತ್ತಿದೆ. ಮುಂದಿನ ಸಾಲು ನನಗೆ ಗೊತ್ತು, ನಿಮಗೂ ಗೊತ್ತು. ಬರೆಯುವುದಿಲ್ಲ. ಅವಳ ನಿಮಿಷ ಇನ್ನೂ ಮುಗಿದಿಲ್ಲ.