ಕಿಟಕಿ ಪಕ್ಕದವಳ ಕಾದಂಬರಿ

ಕನ್ನಡಕದಂಗಡಿಯವನಿಗೆ ಒಂದು ಚಟ. ಗಿರಾಕಿಯ ಮೂಗಿನ ಮೇಲೆ ಹೊಸ ಕನ್ನಡಕ ಕೂರಿಸಿ, ಕಿವಿಯ ಹಿಂದೆ ಕಡ್ಡಿ ಸರಿಮಾಡಿ, "ಇನ್ನು ಈ ಕಾದಂಬರಿ ಓದಿ, ಆಮೇಲೆ ಹೇಳಿ" ಅಂತ ಒಂದು ಹೆಸರು ಹೇಳದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. ಬಾಯಿಗೆ ಬಂದದ್ದು ಹೇಳುವವನೂ ಅಲ್ಲ. ಆಳು ನೋಡಿ ಪುಸ್ತಕ ಹೇಳುತ್ತಿದ್ದ. ಅದರಲ್ಲಿ ಅವನಿಗೆ ಭಾರಿ ಜಂಬ.

ಆ ಜಂಬ ಇಳಿಸಿದವರು ನಿವೃತ್ತ ಹೆಡ್‌ಮೇಡಂ. ಯಾವ ಪುಸ್ತಕದ ಹೆಸರೆತ್ತಿದರೂ "ಓದಿದೀನಪ್ಪಾ, ಬೇರೆ ಹೇಳು" ಅನ್ನುತ್ತಿದ್ದರು. ಅವತ್ತು ಅಂಗಡಿ ತುಂಬ ಜನ ಬೇರೆ. ಅವನಿಗೆ ಮೈಯೆಲ್ಲ ಉರಿದುಹೋಯಿತು. ಕಿಟಕಿಯ ಪಕ್ಕ ಅವನ ಹೆಂಡತಿ ತಲೆ ತಗ್ಗಿಸಿ ಗಾಜು ಒರೆಸುತ್ತಿದ್ದಳು. ಅವಳನ್ನು ಕಂಡದ್ದೇ ತಡ, ಒಂದು ರೈಲು ಬಿಟ್ಟ.

"'ಕಿಟಕಿ ಪಕ್ಕದವಳು' ಅಂತ ಒಂದಿದೆ ಮೇಡಂ. ಕನ್ನಡಕ ಒರೆಸೋ ಒಬ್ಬಳ ಕಥೆ. ಅದರ ಕೊನೆ ಓದಿ ನನಗೆ ನಿದ್ದೆನೇ ಬರಲಿಲ್ಲ."

ಅಂಥ ಪುಸ್ತಕವೇ ಇರಲಿಲ್ಲ. ಮೇಡಂ ಪೆಚ್ಚಾಗಿ ಹೊರಟರು. ಅವನು ಒಳಗೊಳಗೇ ಬೀಗಿದ.

ತಿಂಗಳೊಪ್ಪತ್ತಿನಲ್ಲಿ ಮೇಡಂ ಮತ್ತೆ ಬಂದರು. ನೇರ ಕಿಟಕಿಯ ಹತ್ತಿರ ಹೋಗಿ ಅವನ ಹೆಂಡತಿಯ ತಲೆ ಸವರಿ, "ಚೆನ್ನಾಗಿರಮ್ಮ" ಅಂದರು. ಕಣ್ಣು ತುಂಬಿತ್ತು. ಆಮೇಲೆ ಅವನ ಕಡೆ ತಿರುಗಿದರು.

"ಹುಡುಕಿ ಓದಿದೆ ಕಣಪ್ಪಾ. ನೀನು ಹೇಳಿದ್ದು ನಿಜ."

ಅವನು ಕೈಯಲ್ಲಿದ್ದ ಕನ್ನಡಕ ಕೆಳಗಿಟ್ಟ. ಅಲ್ಲಾ, ಇಲ್ಲದ ಪುಸ್ತಕ ಓದುವುದು ಅಂದರೇನು! ಮೇಡಂ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡ. ಆದರೆ ಆಮೇಲೆ ಬಸ್ ಡ್ರೈವರ್ ಬಂದ, ನರ್ಸಮ್ಮ ಬಂದಳು. ಮೇಡಂ ಹೇಳಿದರಂತೆ, ಇವರು ಓದಿದರಂತೆ. ಎಲ್ಲರೂ ಕಿಟಕಿಯ ಕಡೆ ಒಮ್ಮೆ ನೋಡಿ, ಸಾವಿನ ಮನೆಗೆ ಬಂದವರ ಹಾಗೆ ದನಿ ತಗ್ಗಿಸುತ್ತಿದ್ದರು. ಕೊನೆಯಲ್ಲಿ ಅವಳಿಗೆ ಏನಾಗುತ್ತದೆ ಅಂತ ಕೇಳಲು ಅವನಿಗೆ ನಾಲಿಗೆಯೇ ಏಳಲಿಲ್ಲ. ಮೊದಲು ಓದಿದವನೇ ಅವನಲ್ಲವೇ! ಪುಸ್ತಕದಂಗಡಿಗಳನ್ನೆಲ್ಲ ಜಾಲಾಡಿದ, ಆ ಹೆಸರನ್ನು ಯಾರೂ ಕೇಳಿರಲಿಲ್ಲ. ಹೆಂಡತಿ ಕೆಮ್ಮಿದರೆ ಬೆಚ್ಚುತ್ತಿದ್ದ, ರಸ್ತೆ ದಾಟಿದರೆ ಉಸಿರು ಬಿಗಿಹಿಡಿಯುತ್ತಿದ್ದ. ಇವಳಿಗೇನಾದರೂ ಆದರೆ ನನ್ನ ಗತಿ ಏನು? ಆ ಭಯವೇ ಅವನನ್ನು ಹಿಂಡಿ ಹಿಪ್ಪೆ ಮಾಡಿತು.

ತಡೆಯಲಾರದೆ ಒಂದು ಮಧ್ಯಾಹ್ನ ನರ್ಸಮ್ಮನನ್ನು ಅಂಗಡಿ ಬಾಗಿಲಲ್ಲೇ ಅಡ್ಡಗಟ್ಟಿದ. "ಕೈ ಮುಗೀತೀನಿ ತಾಯಿ, ಆ ಪುಸ್ತಕ ಒಂದ್ಸಲ ಕೊಡಿ."

"ನಿಮ್ಮ ಮನೆಯವರಿಗೆ ನಿನ್ನೆನೇ ಕೊಟ್ನಲ್ಲ," ಅಂದಳು ನರ್ಸಮ್ಮ. "ಎಲ್ಲರೂ ಯಾಕೆ ಹಾಗೆ ನೋಡ್ತಾರೆ ಅಂತ ಅವರೇ ಕೇಳಿ ಇಸ್ಕೊಂಡ್ರು."

ತಿರುಗಿ ನೋಡಿದ. ಹೆಂಡತಿ ಕೊನೆಯ ಪುಟ ಮುಗಿಸಿ ಪುಸ್ತಕ ಮುಚ್ಚುತ್ತಿದ್ದಳು. ಮುಖ ಬಿಳುಚಿಕೊಂಡಿತ್ತು.

"ನಿಮಗೆ ಎಲ್ಲಾ ಗೊತ್ತಿತ್ತು," ಅಂದಳು. "ಊರಿಗೆಲ್ಲ ಓದೋಕೆ ಹೇಳಿದ್ರಿ. ನನಗೊಬ್ಬಳಿಗೆ ಹೇಳ್ಲಿಲ್ಲ."

"ಅಯ್ಯೋ, ನಿನ್ನಾಣೆ, ನಾನು ಓದೇ ಇಲ್ಲ! ಅಂಥ ಪುಸ್ತಕನೇ ಇರ್ಲಿಲ್ಲ ಕಣೇ. ಮೇಡಂ ಮುಂದೆ ಮಾನ ಉಳಿಸ್ಕೊಳ್ಳೋಕೆ ನಾನೇ ಹುಟ್ಟಿಸಿದ್ದು!"

ಹೆಂಡತಿ ಗುರುತು ಹತ್ತದವರನ್ನು ನೋಡುವ ಹಾಗೆ ಅವನನ್ನು ನೋಡಿದಳು.

"ಹಾಗಾದ್ರೆ ನನಗೆ ಇಂಥ ಸಾವು ಕೊಟ್ಟೋರು ನೀವೇನಾ?"