ಎಲ್ಲದಕ್ಕೂ ‘ಹೊಸದು’ ಅಂದ ಮೈದುನ

ಚೆನ್ನಾಗಿ ಓಡುತ್ತಿದ್ದ ಕಂಪ್ಯೂಟರನ್ನು ಕೆಡಿಸಿದವರು ಯಾರು ಎಂದು ಕೇಳಿದರೆ ಯಾವ ಮನೆಯಲ್ಲೂ ಬರುವ ಉತ್ತರ ಒಂದೇ: “ನಾನೇನೂ ಮಾಡಿಲ್ಲ.” ಮೈದುನ ಅತ್ತಿಗೆಗೆ ಹೇಳಿದ್ದೂ ಅದನ್ನೇ.

ಅತ್ತಿಗೆಯದು ಬ್ರೈಲ್ ಮುದ್ರಣಾಲಯ. ಕಣ್ಣು ಕಾಣದ ಮಕ್ಕಳು ಬೆರಳಿನಿಂದ ಓದುವ ಪಠ್ಯಗಳು ಅಲ್ಲಿ ಅಚ್ಚಾಗುತ್ತಿದ್ದವು. ಪರೀಕ್ಷೆಗೆ ಉಳಿದದ್ದು ನಾಲ್ಕೇ ದಿನ. ಹನ್ನೊಂದು ಮಕ್ಕಳಿಗೆ ವಿಜ್ಞಾನದ ಕಡೆಯ ಪಾಠ ಇನ್ನೂ ಅಚ್ಚಾಗಬೇಕು. ಕಂಪ್ಯೂಟರೋ, ಅವಳ ಪಾಸ್‌ವರ್ಡನ್ನೇ ಒಪ್ಪುತ್ತಿಲ್ಲ.

“ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ಮಾಡಿದೆ, ಅಷ್ಟೆ,” ಎಂದ ಮೈದುನ.

“ಅಷ್ಟೆ ಅಂತೆ. ಅಡಿಪಾಯ ಕಿತ್ತೆ, ಅಷ್ಟೆ ಅನ್ನು.”

ಆ ಬ್ರೈಲ್ ಯಂತ್ರಕ್ಕೆ ಅಂಗಡಿಯ ಸಿದ್ಧ ಸಿಸ್ಟಂ ಹೊಂದುತ್ತಿರಲಿಲ್ಲ. ಅಳತೆ ಕೊಟ್ಟು ಬಟ್ಟೆ ಹೊಲಿಸಿದ ಹಾಗೆ, ಸಿಸ್ಟಮ್ಮಿನ ಮೂಲ ಬರಹವಾದ ಸೋರ್ಸ್ ಕೋಡ್ ತಂದು ತಮಗೆ ಬೇಕಾದಂತೆ ಕಟ್ಟಿಕೊಳ್ಳಬೇಕಿತ್ತು. ಮೈದುನನಿಗೆ ಹೊಲಿಗೆ ಬರುತ್ತಿತ್ತು, ತಾಳ್ಮೆ ಬರುತ್ತಿರಲಿಲ್ಲ.

ಮಹಡಿಯ ಮೇಲಿನ ಟೆಲಿಫೋನ್ ಅಕ್ಕನಿಗೆ ಅತ್ತಿಗೆ ಹೇಳಿ ಕಳಿಸಿದಳು. ಟೆಲಿಫೋನ್ ಕಚೇರಿಯಲ್ಲಿ ಮೂವತ್ತು ವರ್ಷ ಯಂತ್ರಗಳನ್ನು ಕಾಯ್ದವಳು ಆಕೆ. ಬಂದವಳೇ, ಸೋರ್ಸ್ ಜೊತೆ ಬಂದ ಸೂಚನೆ ಓದಿದೆಯಾ ಎಂದು ಕೇಳಿದಳು. ಉದ್ದವಿತ್ತು, ಓದಲಿಲ್ಲ ಎಂದ. ಬ್ಯಾಕಪ್? ಮಾಡಿದ್ದೇನೆ, ಅದೇ ಡಿಸ್ಕಿನಲ್ಲಿ ಎಂದ.

“ಇನ್ನೊಂದು ಬೀಗದಕೈ ಮನೆ ಒಳಗಿಟ್ಟು ಬೀಗ ಹಾಕ್ಕೊಂಡ ಹಾಗಾಯ್ತಲ್ಲ ತಮ್ಮಾ. ಕೊನೇಲಿ ಒಂದೊಂದು ಫೈಲಿಗೂ ಹಳೇದು ಇರಲಾ, ಹೊಸದು ಹಾಕಲಾ ಅಂತ ಕೇಳಿರಬೇಕು. ಏನಂದೆ?”

“ನಲವತ್ತು ಸಲ ಕೇಳ್ತು ಅಕ್ಕಾ. ಬೇಜಾರಾಗಿ ಎಲ್ಲದಕ್ಕೂ ಹೊಸದು ಅಂದೆ.”

ಅತ್ತಿಗೆ ಹಣೆ ಚಚ್ಚಿಕೊಂಡಳು. ಯಾರ್‍ಯಾರು ಒಳಗೆ ಬರಬಹುದೆಂಬ ಪಟ್ಟಿಯೂ, ಯಂತ್ರ ಎಷ್ಟು ಎತ್ತರದ ಚುಕ್ಕೆ ಒತ್ತಬೇಕೆಂಬ ಲೆಕ್ಕವೂ ಆ ಹಳೆಯ ಫೈಲುಗಳಲ್ಲೇ ಇದ್ದವು.

ಅಕ್ಕ ಕಂಪ್ಯೂಟರನ್ನು ಪಾಸ್‌ವರ್ಡ್ ಕೇಳದ ದುರಸ್ತಿಯ ದಾರಿಯಿಂದ ಎಬ್ಬಿಸಿದಳು. ಒಳಬರುವವರ ಪಟ್ಟಿಗೆ ಸಿಸ್ಟಂ ತಾನೇ ಒಂದು ನಕಲು ಇಟ್ಟುಕೊಂಡಿತ್ತು, ಅದು ಸಿಕ್ಕಿತು. ಚುಕ್ಕೆಯ ಲೆಕ್ಕ ಮಾತ್ರ ಸಿಗಲಿಲ್ಲ; ಮೈದುನನ ಬ್ಯಾಕಪ್ಪಿನ ಮೇಲೂ ಅಪ್‌ಗ್ರೇಡ್ ಹೊಸದನ್ನೇ ಬರೆದಿತ್ತು. ಮತ್ತೆ ಒಂದರಿಂದ ಶುರು. ಒಮ್ಮೆ ಚುಕ್ಕೆ ಬೆರಳಿಗೇ ಹತ್ತದು, ಇನ್ನೊಮ್ಮೆ ಕಾಗದವೇ ತೂತು. ಎರಡು ದಿನ ಹಾಳೆಯ ರಾಶಿ ಬೆಳೆಯಿತೇ ವಿನಾ ಪಾಠ ಬೆಳೆಯಲಿಲ್ಲ.

ಅಷ್ಟರಲ್ಲಿ ಒಬ್ಬ ವಿದ್ಯಾರ್ಥಿನಿಯ ಫೋನ್ ಬಂತು. ಅತ್ತಿಗೆ ಅದನ್ನು ಮೈದುನನ ಕಿವಿಗೆ ಹಿಡಿದಳು.

“ಕಡೇ ಪಾಠ ಬರುತ್ತಾ, ಇಲ್ವಾ? ಬರಲ್ಲ ಅಂದ್ರೂ ಪರವಾಗಿಲ್ಲ, ಹೇಳಿಬಿಡಿ. ಇರೋದನ್ನೇ ಇನ್ನೊಂದು ಸಲ ಓದ್ಕೋತೀನಿ.”

ಬರುತ್ತೆ ಎಂದ ಮೈದುನ. ಆಮೇಲೆ ಚುಕ್ಕೆ ಸರಿಹೋಗುವವರೆಗೂ ಅವನು ಕುರ್ಚಿ ಬಿಟ್ಟು ಏಳಲಿಲ್ಲ. ಪಾಠ ತಲುಪಿದ್ದು ಪರೀಕ್ಷೆಯ ಹಿಂದಿನ ದಿನ. ಓದಲು ಆ ಹುಡುಗಿಗೆ ಸಿಕ್ಕದ್ದು ಒಂದೇ ಸಂಜೆ.

ಇನ್ನು ಅಪ್‌ಗ್ರೇಡಿನ ಹೆಸರೆತ್ತಿದರೆ ಹುಷಾರ್ ಎಂದಳು ಅತ್ತಿಗೆ. ಅಕ್ಕ ಒಪ್ಪಲಿಲ್ಲ. “ಹಳೇ ಸಿಸ್ಟಮ್ಮಿಗೆ ವೈರಸ್ಸಿನಿಂದ ರಕ್ಷಣೆ ಬರೋದು ನಿಂತುಹೋದ್ರೆ ಬಾಗಿಲು ತೆಗೆದಿಟ್ಟು ಮಲಗಿದ ಹಾಗೆ. ಮಾಡ್ಬೇಕು, ನೋಡ್ಕೊಂಡು ಮಾಡ್ಬೇಕು.”

ಮುಂದಿನ ಆವೃತ್ತಿ ಬಂದದ್ದು ರಜೆಯಲ್ಲಿ. ಮೈದುನ ಮೊದಲು ಸೂಚನೆ ಓದಿದ. ಬೇರೆ ಡಿಸ್ಕಿಗೆ ಬ್ಯಾಕಪ್ ತೆಗೆದು, ಅದರಿಂದ ಫೈಲು ಮರಳಿ ಬರುತ್ತದೆಯೇ ಎಂದು ಪರೀಕ್ಷಿಸಿದ. ಕರ್ನಲ್ ಎಂಬ ತಿರುಳನ್ನಷ್ಟೇ ಮೊದಲು ಹಾಕಿ, ಹಳೆಯದನ್ನು ಅಳಿಸದೆ, ಕಂಪ್ಯೂಟರ್ ಸರಿಯಾಗಿ ಎದ್ದ ಮೇಲೆ ಉಳಿದದ್ದಕ್ಕೆ ಕೈಹಾಕಿದ. ಹಳೇದೋ ಹೊಸದೋ ಎಂದು ಕೇಳಿದಾಗಲೆಲ್ಲ ಎರಡನ್ನೂ ಓದಿ ಉತ್ತರ ಕೊಟ್ಟ. ಅತ್ತಿಗೆ ಪಕ್ಕದಲ್ಲೇ ಕೂತಿದ್ದಳು. ನಂಬಿಕೆ ಬಂದಿತ್ತು, ಪೂರ್ತಿ ಬಂದಿರಲಿಲ್ಲ.

ಓದುಗರೇ, ನಿಮ್ಮ ಕಂಪ್ಯೂಟರಿನ ಆಚೆ ತುದಿಯಲ್ಲೂ ಯಾರೋ ಕಾಯುತ್ತಿರುತ್ತಾರೆ. ಅಪ್‌ಗ್ರೇಡ್ ತಪ್ಪಿಸಬೇಡಿ, ಅವಸರವನ್ನೂ ಮಾಡಬೇಡಿ. ಈ ವಾರವೇ ಒಂದು ಬೇರೆ ಡಿಸ್ಕ್ ತಂದು ಬ್ಯಾಕಪ್ ತೆಗೆಯಿರಿ. ಯಂತ್ರ ನಲವತ್ತು ಸಲ ಕೇಳಿದರೆ ನಲವತ್ತು ಸಲವೂ ಓದಿ.