ಮನೆಗೊಬ್ಬಳು ತಪ್ಪಿತಸ್ಥೆ

ಆ ಮನೆಯಲ್ಲಿ ತಪ್ಪು ಯಾರು ಮಾಡಿದರೂ "ತಪ್ಪಾಯ್ತು" ಎನ್ನುವ ಕೆಲಸ ಹಿರಿಸೊಸೆಯದು. ಅತ್ತೆ ಮರೆತು ಎರಡು ಸಲ ಉಪ್ಪು ಹಾಕಿದರೆ ಮಾವನ ಮುಂದೆ ತಲೆ ತಗ್ಗಿಸುವವಳು ಇವಳು. ಗಂಡ ಸ್ನೇಹಿತನ ಮಗಳ ಮದುವೆಗೆ ಹೋಗಲು ಮರೆತರೆ ಫೋನು ಮಾಡಿ ಕ್ಷಮೆ ಕೇಳುವವಳೂ ಇವಳೇ. ಅತ್ತೆಯೂ ತಮ್ಮ ಕಾಲದಲ್ಲಿ ಇದನ್ನೇ ಮಾಡಿದವರು. "ಹಾಗಂದ್ರೆ ಬಾಯೇನು ಸವೆದು ಹೋಗುತ್ತಾ? ಮನೆ ತಣ್ಣಗಿರುತ್ತೆ," ಎಂದು ಮೊದಲ ವಾರದಲ್ಲೇ ಕಲಿಸಿದ್ದರು. ಬೇಗ ಕಲಿತದ್ದಕ್ಕೆ "ನಮ್ಮ ಬಂಗಾರ" ಎಂಬ ಬಿರುದೂ ಸಿಕ್ಕಿತು. ಬಿರುದು ಕೊಟ್ಟು ಬೆನ್ನಿಗೆ ಮೂಟೆ ಹೇರುವುದರಲ್ಲಿ ನಮ್ಮ ಮನೆಗಳನ್ನು ಮೀರಿಸುವವರಿಲ್ಲ.

ಮನೆಯ ಕೆಳಗೇ ಅವರ ಔಷಧಿ ಅಂಗಡಿ. ಅದಕ್ಕೆ ಬೇಕಾದ ಓದು ಓದಿ ಪಾಸಾದವಳು ಹಿರಿಸೊಸೆ. ಲೈಸೆನ್ಸಿನಲ್ಲಿದ್ದದ್ದು ಅವಳ ಹೆಸರು. ಮೈದುನ ಬಿಲ್ಲು ಬರೆಯುತ್ತಿದ್ದ. ಸೋಮವಾರ ಬೆಳಿಗ್ಗೆ ಮೇಲಿನಿಂದ ಅತ್ತೆ ಕೂಗಿದರು, "ಬಂಗಾರ, ನೆಂಟರು ಬಂದಿದ್ದಾರೆ, ಕಾಫಿ ನೀನೇ ಮಾಡ್ಬೇಕಂತೆ." ಗಿರಾಕಿಗಳಿದ್ದರೂ ಅವಳು ಎದ್ದು ಹೋದಳು. ಹತ್ತು ನಿಮಿಷ. ಅಷ್ಟರಲ್ಲಿ ಮೈದುನ ಫೋನಿನಲ್ಲಿ ಹರಟುತ್ತಲೇ, ನಿವೃತ್ತ ಟೀಚರಮ್ಮನಿಗೆ ಸಕ್ಕರೆ ಕಾಯಿಲೆಯ ಒಂದು ಮಿಲಿಗ್ರಾಂ ಮಾತ್ರೆಯ ಬದಲು ನಾಲ್ಕರದ್ದು ಕೊಟ್ಟುಬಿಟ್ಟ. ಮರುದಿನ ಟೀಚರಮ್ಮ ರಕ್ತದ ಸಕ್ಕರೆ ಕುಸಿದು ಬಚ್ಚಲಲ್ಲಿ ಪ್ರಜ್ಞೆ ತಪ್ಪಿ ಬಿದ್ದರು. ಪ್ರಾಣ ಉಳಿದದ್ದು ಪುಣ್ಯ.

ಔಷಧಿ ಇಲಾಖೆಯ ಇನ್‌ಸ್ಪೆಕ್ಟರು ನಾಳೆ ಬರುತ್ತಾರೆ ಎಂಬ ಸುದ್ದಿ ಬಂದದ್ದೇ ತಡ, ಗಂಡ ಅವಳ ಹೆಸರಿನಲ್ಲಿ ಒಂದು ಕಾಗದ ಬರೆದು ತಂದ: ಮಾತ್ರೆ ಕೊಟ್ಟವಳು ನಾನೇ.

"ಸಹಿ ಹಾಕು. ಬರೋ ತಿಂಗಳು ಇವನ ಮದುವೆ, ಹೆಣ್ಣಿನ ಕಡೆಯವರಿಗೆ ಗೊತ್ತಾದ್ರೆ ಮುರಿದುಬೀಳುತ್ತೆ."

"ನನ್ನ ಲೈಸೆನ್ಸು ಹೋಗುತ್ತಲ್ಲ ರೀ?"

"ಹೋದ್ರೆ ಏನೀಗ? ನಿಂಗೇನು ಊಟಕ್ಕೆ ಕಡಿಮೆಯಾ?"

ಮೈದುನ ನೆಲ ನೋಡುತ್ತ, "ಅತ್ತಿಗೆ, ಇದೊಂದು ಸಲ," ಎಂದ. ಪ್ರತಿ ಸಲವೂ ಅವನು ಅನ್ನುತ್ತಿದ್ದದ್ದು ಅದನ್ನೇ.

ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಪೆನ್ನು ಹಿಡಿದಳು, ಇಟ್ಟಳು, ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು. ಸಹಿ ಹಾಕದಿದ್ದರೆ ಇವರೆಲ್ಲ ನನ್ನನ್ನು ಏನಂದುಕೊಳ್ಳುತ್ತಾರೆ ಎಂಬ ಒಂದೇ ಯೋಚನೆ ಎದೆ ಕೊರೆಯುತ್ತಿತ್ತು. ಹದಿನಾಲ್ಕು ವರ್ಷ ಅವಳನ್ನು ಆಳಿದ್ದು ಅದೇ ಯೋಚನೆ.

"ಮೊದಲು ಆಸ್ಪತ್ರೆಗೆ ಹೋಗಿ ತಪ್ಪಾಯ್ತು ಅಂತ ಹೇಳಿ ಬರೋಣ. ಅವರ ಸಿಟ್ಟು ಇಳಿದ್ರೆ ಅರ್ಧ ಕೆಲಸ ಆದ ಹಾಗೆ," ಎಂದು ಅತ್ತೆ ಅವಳನ್ನು ಹೊರಡಿಸಿಕೊಂಡು ಹೋದರು.

ಟೀಚರಮ್ಮ ಹಣೆಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರು; ಅಂಗಡಿಗೆ ಬಂದದ್ದೇ ಅವರಿಗೆ ನೆನಪಿರಲಿಲ್ಲ. ಪಕ್ಕದಲ್ಲಿದ್ದ ಮಗಳು, "ಮಾತ್ರೆ ಕೊಟ್ಟಿದ್ದು ಯಾರು?" ಎಂದು ನೇರವಾಗಿ ಕೇಳಿದಳು. ಅಭ್ಯಾಸಬಲ; ಹಿರಿಸೊಸೆಯ ಬಾಯಿಂದ "ತಪ್ಪಾಯ್ತು" ಜಾರಿಯೇ ಹೋಯಿತು. ಅತ್ತೆ ನೆಮ್ಮದಿಯ ಉಸಿರುಬಿಟ್ಟರು.

ಮಗಳು ಅವಳನ್ನೇ ದಿಟ್ಟಿಸಿ ನೋಡಿದಳು. "ಇನ್ಮೇಲೆ ನೀವು ಅಮ್ಮನ ಔಷಧಿ ಮುಟ್ಬೇಡಿ ಅಕ್ಕ. ನಿಮ್ಮ ಮೈದುನ ಇದ್ದಾಗಲೇ ಬಂದು, ಅವರ ಕೈಯಿಂದಲೇ ತಗೋತೀವಿ."

ಹಿರಿಸೊಸೆಗೆ ಆಗ ಹೊಳೆಯಿತು. ತಾನು ಹೊರುವ ಪ್ರತಿ ತಪ್ಪೂ ಅದನ್ನು ಮಾಡಿದವನ ಕೈ ತೊಳೆದು, ಮತ್ತೆ ಅದೇ ಕೆಲಸಕ್ಕೆ ಕೂರಿಸುತ್ತದೆ. ಇದನ್ನೇ ಇಷ್ಟು ವರ್ಷ ಒಳ್ಳೆಯತನ ಎಂದುಕೊಂಡಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ಹಾಗೆ ಮಾತ್ರ ಮಾಡ್ಬೇಡಿ. ಮಾತ್ರೆ ಕೊಟ್ಟಿದ್ದು ಅವನೇ," ಎಂದಳು.

ಅತ್ತೆ ಅವಳ ಮೊಣಕೈ ಚಿವುಟಿದರು. ಅವಳು ಕೈ ಬಿಡಿಸಿಕೊಂಡಳು. ನಡೆದದ್ದನ್ನೆಲ್ಲ ಹೇಳಿ ಮುಗಿಸಿದಳು.

ಮನೆಗೆ ಬಂದು ಬಾಗಿಲಲ್ಲಿ ಅತ್ತೆ, "ನಿನ್ನನ್ನ ಒಳ್ಳೆಯವಳು ಅಂದ್ಕೊಂಡಿದ್ದೆ," ಎಂದರು.

"ಅನ್ನಿಸ್ಕೊಂಡಿದ್ದು ಸಾಕು, ಅತ್ತೆ."

ಗಂಡ ಬರೆದ ಕಾಗದವನ್ನು ಅವಳು ಅವನ ಕೈಗೇ ಕೊಟ್ಟಳು. ಅವನು ಕೂಗಾಡುತ್ತಿದ್ದಂತೆಯೇ ಬೇರೆ ಹಾಳೆ ತೆಗೆದುಕೊಂಡು ಕೂತಳು. ಅದೇ ಹಾಳೆ ಮರುದಿನ ಇನ್‌ಸ್ಪೆಕ್ಟರ ಕೈ ಸೇರಿತು. ಅದರಲ್ಲಿದ್ದದ್ದು ಇಷ್ಟು: "ಮಾತ್ರೆ ಕೊಟ್ಟವನು ನನ್ನ ಮೈದುನ. ಗಿರಾಕಿಗಳನ್ನು ಅವನ ಕೈಗೆ ಬಿಟ್ಟು, ಬೇಡ ಎನ್ನಲಾರದೆ ಕಾಫಿ ಮಾಡಲು ಹೋದವಳು ನಾನು. ನನ್ನ ತಪ್ಪು ಇಷ್ಟೇ. ಇದಕ್ಕೆ ಏನು ಶಿಕ್ಷೆಯೋ ಅದನ್ನು ಅನುಭವಿಸುತ್ತೇನೆ. ಇದಕ್ಕಿಂತ ಹೆಚ್ಚಿನದನ್ನು ಒಪ್ಪಿಕೊಳ್ಳುವುದಿಲ್ಲ."